ಏಳು ಇಂಚಿನ ಮುಖ

ಜೂನ್ 9

ಸ್ಟುಡಿಯೊ ಮಾಲೀಕರಿಗೆ,

ನಮಸ್ಕಾರ. ನನ್ನ ನೆನಪು ನಿಮಗಿದೆಯೋ ಇಲ್ಲವೋ ಗೊತ್ತಿಲ್ಲ. ಶಾಲೆಯ ಗೇಟಿನ ಎದುರು ಯೂನಿಫಾರ್ಮ್ ಹೊಲಿಯುತ್ತಿದ್ದ ಟೈಲರ್ ನಾನು. ಒಂದು ಸಲ ಫೋಟೊ ದಿನ ನಿಮ್ಮ ಪರದೆ ಹರಿದುಹೋಗಿ, ನನ್ನ ಅಂಗಡಿಗೆ ಓಡಿಬಂದು ನಾಲ್ಕು ಮೀಟರ್ ಕಪ್ಪು ಬಟ್ಟೆ ಒಯ್ದಿದ್ದಿರಿ. 'ಸಂಜೆಗೆ ತಂದ್ಕೊಡ್ತೀನಿ' ಅಂದವರು ಇನ್ನೂ ತಂದಿಲ್ಲ. ಅದನ್ನು ಕೇಳಲು ಬರೆಯುತ್ತಿಲ್ಲ, ಗಾಬರಿಯಾಗಬೇಡಿ.

ಈಗ ನಾನು ಬೇರೆ ಊರಿನಲ್ಲಿದ್ದೇನೆ. ಒಂದು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ. ಹಾಸಿಗೆ ಹೊದಿಕೆ, ದಿಂಬಿನ ಗವಸು, ಡಾಕ್ಟರರ ಹಸಿರು ಅಂಗಿ.

ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದಾಗ ನಿಮ್ಮ ಸ್ಟುಡಿಯೊದಲ್ಲಿ ನೀವು ತೆಗೆದ ಒಂಟಿ ಫೋಟೊ ನನ್ನ ಹತ್ತಿರ ಇದೆ. ಅದರ ಬೆನ್ನಿಗೆ ನಿಮ್ಮ ರಬ್ಬರ್ ಸ್ಟ್ಯಾಂಪ್ ಇದ್ದದ್ದರಿಂದ ವಿಳಾಸ ಸಿಕ್ಕಿತು. ಅದರಲ್ಲಿರುವ ಫೋನ್ ನಂಬರ್ ಬಳಕೆಯಲ್ಲಿಲ್ಲವಂತೆ. ಫೋಟೊ ಬೆಂಕಿಪೆಟ್ಟಿಗೆಯಷ್ಟಿದೆ. ನನಗೆ ದೊಡ್ಡದು ಬೇಕು. ಕೂದಲಿನ ಗೆರೆಯಿಂದ ಗದ್ದದ ತುದಿಯವರೆಗೆ ಸರಿಯಾಗಿ ಏಳು ಇಂಚು, ಅಂದರೆ ಅವಳ ಮುಖ ಎಷ್ಟಿದೆಯೋ ಅಷ್ಟೇ. ಕಾಲು ಇಂಚು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಯಾಕೆ ಅಂತ ಮಾತ್ರ ಕೇಳಬೇಡಿ.

ನಮ್ಮ ಹುಡುಗಿಗೆ ಕ್ಯಾಮೆರಾ ಕಂಡರೆ ಸಾಕು, ಕಣ್ಣು ಮುಚ್ಚಿಹೋಗುತ್ತದೆ. ಚಿಕ್ಕಂದಿನಿಂದ ಹಾಗೆಯೇ. ಯಾರು ತೆಗೆದರೂ ಅಷ್ಟೇ. ಕಣ್ಣು ಬಿಟ್ಟಿರುವುದು ನಿಮ್ಮದೊಂದರಲ್ಲಿ. ಅದಕ್ಕೇ ಶಾಲೆಯ ಕಾರ್ಡಿಗೂ ಹಾಸ್ಟೆಲಿನ ಕಾರ್ಡಿಗೂ ಅದರದೇ ಪ್ರತಿ ಅಂಟಿಸಿಕೊಂಡು ಬಂದಿದ್ದಾಳೆ. ನೋಡಿದವರೆಲ್ಲ 'ಕಣ್ಣು ಥೇಟ್ ಅಮ್ಮಂದೇ' ಅನ್ನುತ್ತಾರೆ. ಅವಳು ಈಗ ಊರಲ್ಲಿಲ್ಲ, ಅದಕ್ಕೇ ನಾನೇ ಬರೆಯಬೇಕಾಯಿತು.

ನೆಗೆಟಿವ್ ಇಟ್ಟಿದ್ದೀರಾ? ಇದ್ದರೆ ಬೇಗ ಮಾಡಿಕೊಡಿ.

ಶಾಲೆ ಎದುರಿನ ಟೈಲರ್

*

ಜೂನ್ 16

ಟೈಲರಮ್ಮನವರಿಗೆ,

ನೆನಪಿಲ್ಲದೆ ಏನು! ಆ ಕಪ್ಪು ಬಟ್ಟೆ ಇವತ್ತಿಗೂ ನನ್ನ ಸ್ಟುಡಿಯೊದ ಗೋಡೆಯ ಮೇಲಿದೆ. ವಾಪಸ್ ಕೊಡುವ ಮನಸ್ಸು ಈಗಲೂ ಇಲ್ಲ. ಅಷ್ಟು ಒಳ್ಳೆಯ ಕಪ್ಪು ಆಮೇಲೆ ಎಲ್ಲಿಯೂ ಸಿಗಲಿಲ್ಲ.

ಫೋನ್ ನಾನೇ ತೆಗೆಸಿಹಾಕಿದೆ. ಎರಡೂ ಕಿವಿ ಕೈಕೊಟ್ಟಿವೆ. ಯಾರಾದರೂ ಮಾತಾಡಿಸಿದರೆ ನಾನು 'ಆಂ? ಆಂ?' ಅನ್ನುವುದು, ಅವರು ರೇಗಿ ಇಟ್ಟುಬಿಡುವುದು, ಯಾಕೆ ಬೇಕು ಆ ರಗಳೆ. ಪತ್ರವಾದರೆ ಯಾರೂ ಕಿರುಚಬೇಕಾಗಿಲ್ಲ.

ನಿಮ್ಮ ಪತ್ರ ಓದಿ ನನಗೆಷ್ಟು ಖುಷಿಯಾಯಿತು ಅಂದರೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ತೋರಿಸಿ ಬಂದೆ. ದಿನಾ ಛೇಡಿಸುತ್ತಾನೆ ಅವನು. 'ಮಾಮ, ಈಗೆಲ್ಲ ಮೊಬೈಲಲ್ಲೇ ಆಗೋಗುತ್ತೆ. ಸ್ಕೂಲ್ ಫೋಟೊ ಯಾರಿಗೆ ಬೇಕು ಹೇಳಿ' ಅಂತ. 'ನೋಡಯ್ಯಾ, ಈ ತಾಯಿಗೆ ಬೇಕಂತೆ. ಅದೂ ಏಳು ಇಂಚು!' ಅಂದೆ. ಬಾಯಿ ಮುಚ್ಚಿಕೊಂಡ. ಅವನ ಮೊಬೈಲಿನಲ್ಲಿ ಮಗನ ಫೋಟೊ ಒಂಬತ್ತು ಸಾವಿರ ಇದೆಯಂತೆ. ಒಂದು ಒಳ್ಳೆಯದು ತೋರಿಸು ಅಂದರೆ ಟೀ ಆರಿಹೋಗುವವರೆಗೆ ಬೆರಳಾಡಿಸುತ್ತಾನೆ, 'ಇರಿ ಮಾಮ, ಇಲ್ಲೇ ಎಲ್ಲೋ ಇತ್ತು'.

ನನ್ನದು ಹಾಗಲ್ಲ. ಒಂದು ಮಗುವಿಗೆ ಎರಡೇ ಕ್ಲಿಕ್. ಮೊದಲನೆಯದಕ್ಕೆ ಮಗು ಹೆದರಿರುತ್ತದೆ, ಎರಡನೆಯದಕ್ಕೆ ಬೇಜಾರಾಗಿರುತ್ತದೆ. ಎರಡರಲ್ಲಿ ಯಾವುದು ಆ ಮಗು ಅಂತ ನೋಡಿ ಆರಿಸುವುದೇ ನನ್ನ ಕೆಲಸ. ಇನ್ನೊಂದು ಮಾತು ಹೇಳಿಬಿಡುತ್ತೇನೆ, ಜಂಬ ಅಂದುಕೊಂಡರೂ ಸರಿಯೇ. ಮೂವತ್ತೊಂದು ವರ್ಷದಲ್ಲಿ ಮುಚ್ಚಿದ ಕಣ್ಣಿನ ಒಂದೇ ಒಂದು ಫೋಟೊ ನನ್ನ ಅಂಗಡಿಯ ಮೆಟ್ಟಿಲು ಇಳಿದಿಲ್ಲ. ನಿಮ್ಮ ಮಗಳದ್ದೊಂದೇ ಅಲ್ಲ, ಯಾರದ್ದೂ ಇಳಿದಿಲ್ಲ.

ನೆಗೆಟಿವ್ ಇಲ್ಲದೆ ಎಲ್ಲಿಗೆ ಹೋಗುತ್ತದೆ? ಆಗ ಉಳಿದವರೆಲ್ಲ ಫಿಲ್ಮ್ ಬಿಟ್ಟಾಗಿತ್ತು, ನಾನೊಬ್ಬನೇ ದೊಡ್ಡ ಫಿಲ್ಮಿನ ಹಳೆಯ ಕ್ಯಾಮೆರಾ ಹಿಡಿದುಕೊಂಡು ಕೂತಿದ್ದೆ. ತರಗತಿಗೊಂದು ತಗಡಿನ ಡಬ್ಬಿ ಮಾಡಿಟ್ಟಿದ್ದೇನೆ.

ಯಾಕೆ ಅಂತ ಕೇಳಬೇಡಿ ಅಂದಿದ್ದೀರಿ, ಕೇಳುವುದಿಲ್ಲ. ಆದರೂ ಗಂಡಿನ ಕಡೆಯವರಿಗೆ ತೋರಿಸಲು ಏಳು ಇಂಚು ಯಾಕಮ್ಮ, ಪೋಸ್ಟ್‌ಕಾರ್ಡ್ ಅಳತೆ ಸಾಕಲ್ಲ! ಒಳ್ಳೆಯ ಸುದ್ದಿ ಇದ್ದರೆ ಮುಚ್ಚಿಡಬೇಡಿ. ಮುಂದಿನ ವಾರ ಶಾಲೆಯಲ್ಲಿ ಫೋಟೊ ದಿನ. ಅದೊಂದು ಗಲಾಟೆ ಮುಗಿಸಿ ನಿಮ್ಮ ಕೆಲಸಕ್ಕೆ ಕೂರುತ್ತೇನೆ. ಹಣದ ಮಾತೆತ್ತಬೇಡಿ. ಬಟ್ಟೆಗೂ ಇದಕ್ಕೂ ಸರಿಹೋಯಿತು.

ನಿಮ್ಮ ಫೋಟೊ ಮಾಮ

*

ಜೂನ್ 23

ಅಣ್ಣಾ,

ಪತ್ರ ತಲುಪಿತು. ನೆಗೆಟಿವ್ ಇದೆ ಅಂತ ಓದಿ ಅಲ್ಲೇ ಮೆಷಿನ್ ಮೇಲೆ ತಲೆಯಿಟ್ಟು ಕೂತುಬಿಟ್ಟೆ. ಜೊತೆಯವಳು 'ಏನಾಯ್ತಕ್ಕಾ, ತಲೆ ಸುತ್ತಿತಾ' ಅಂತ ನೀರು ತಂದಳು.

ಗಂಡಿನ ಕಡೆಯವರು ಯಾರೂ ಇಲ್ಲ. ಆ ಮಾತು ಬಿಡಿ.

ಶಾಲೆಯ ಫೋಟೊ ದಿನ ಚೆನ್ನಾಗಿ ಆಗಲಿ. ಮಕ್ಕಳು ಆ ದಿನ ನನ್ನ ಅಂಗಡಿಗೆ ನುಗ್ಗಿ ಗುಂಡಿ ಹಾಕಿಸಿಕೊಳ್ಳುತ್ತಿದ್ದದ್ದು ನೆನಪಾಯಿತು. ಮುಗಿದ ಕೂಡಲೇ ನನ್ನದನ್ನು ಮಾಡಿ. ಬೇಗ ಅಂದರೆ ನಿಜವಾಗಿಯೂ ಬೇಗ. ಇಲ್ಲಿ ಕರೆಂಟು ನೆಚ್ಚುವ ಹಾಗಿಲ್ಲ.

ಟೈಲರ್

*

ಜುಲೈ 4

ತಂಗಿ,

'ಅಣ್ಣಾ' ಅಂದಿದ್ದೀರಿ, ಹಾಗಾದರೆ ನಾನೂ ತಂಗಿ ಅನ್ನುತ್ತೇನೆ.

ಜೊತೆಗೆ ಫೋಟೊ ಇದೆ. ಎರಡು ರಟ್ಟುಗಳ ನಡುವೆ ಇಟ್ಟು ಹೊಲಿದಿದ್ದೇನೆ, ನಿಧಾನಕ್ಕೆ ಬಿಚ್ಚಿ. ನನ್ನ ಹೊಲಿಗೆ ನೋಡಿ ನಗಬೇಡಿ. ಸ್ಕೇಲ್ ಇಟ್ಟು ಅಳೆದಿದ್ದೇನೆ, ಏಳು ಅಂದರೆ ಏಳು. ಹೊಳೆಯುವ ಕಾಗದ ಹಾಕಿದ್ದೇನೆ, ನನ್ನ ಬಳಿ ಉಳಿದಿದ್ದ ಅತ್ಯುತ್ತಮ ಕಾಗದ ಅದು. ನೆಗೆಟಿವ್ ಕೊಂಚ ರಿಪೇರಿ ಕೇಳಿತು, ಗೋಂದು ಒಣಗಿತ್ತು. ಎರಡು ದಿನ ಅದರ ಮುಂದೆಯೇ ಕೂತಿದ್ದೆ. ಮುಖ ಕಾಗದದ ಮೇಲೆ ಮೆಲ್ಲಗೆ ಮೂಡಿ ಬರುವಾಗ ನನಗೇ ಮೈ ಜುಮ್ಮೆಂದಿತು. ಮೊಬೈಲಿನವರಿಗೆ ಆ ಗಳಿಗೆ ಎಲ್ಲಿಂದ ಬರಬೇಕು?

ಶಾಲೆಯ ಫೋಟೊ ದಿನ ಭರ್ಜರಿಯಾಗಿ ಆಯಿತು. ನಾನೂರು ಮಕ್ಕಳು. ಒಬ್ಬ ಬೆಂಚಿನಿಂದ ಬಿದ್ದ, ಒಬ್ಬಳು ಅತ್ತಳು, ದೊಡ್ಡ ಮೇಡಂ ಎಂದಿನ ಹಾಗೆ 'ನನ್ನ ಗದ್ದ ಸ್ವಲ್ಪ ತೆಳ್ಳಗೆ ಬರೋ ಹಾಗೆ ಮಾಡಿ ಮಾಮ' ಅಂದರು.

ಮಗಳಿಗೆ ಫೋಟೊ ತೋರಿಸಿದಾಗ ಏನಂದಳು, ಬರೆಯಿರಿ.

ಅಣ್ಣ

*

ಜುಲೈ 12

ಅಣ್ಣಾ,

ಮಗಳಿಗೆ ತೋರಿಸುವ ಹಾಗಿಲ್ಲ. ಅವಳು ಹೋಗಿ ಈ ಹದಿನೆಂಟಕ್ಕೆ ಮೂರು ತಿಂಗಳು. ಊರಲ್ಲಿಲ್ಲ ಅಂತ ಬರೆದಿದ್ದೆ. ಬೇರೆ ಏನು ಬರೆಯಬೇಕು ಅಂತ ಆಗ ಕೈಗೆ ಬರಲಿಲ್ಲ.

ಲ್ಯಾಬ್ ಕೆಲಸ ಕಲಿಯುತ್ತಿದ್ದಳು. ಹಾಸ್ಟೆಲಿನಲ್ಲಿ ಜ್ವರ ಅಂತ ಮಲಗಿದವಳು ಏಳಲಿಲ್ಲ. ಆ ದಿನ ಮಧ್ಯಾಹ್ನ ನನಗೆ ಮೂರು ಸಲ ಫೋನ್ ಮಾಡಿದ್ದಾಳೆ. ಇಪ್ಪತ್ತು ಮೆಷಿನ್ ಓಡುವ ಕೋಣೆ, ಫೋನು ಚೀಲದಲ್ಲಿತ್ತು, ಕೇಳಿಸಲಿಲ್ಲ. ಆರು ಗಂಟೆಗೆ ನೋಡಿಕೊಂಡು ಮಾಡಿದರೆ ಅವಳು ಎತ್ತಲಿಲ್ಲ. ಅಷ್ಟು ಹೊತ್ತಿಗೆ ಎತ್ತುವವಳು ಇರಲಿಲ್ಲ.

ಹಾಸ್ಟೆಲಿನ ವಾರ್ಡನ್ ಅವಳ ಬಟ್ಟೆಯ ಜೊತೆ ಅವಳ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಹಳೆಯ ಅಗ್ಗದ ಫೋನು, ಒಂದು ಮೂಲೆ ಸೀಳಿದೆ. ಅದು ಅವಳ ಮುಖ ನೋಡಿದರೆ ಮಾತ್ರ ತೆರೆಯುತ್ತದೆ. ಇಲ್ಲವಾದರೆ ನಾಲ್ಕು ಅಂಕಿ ಬೇಕು, ಅದು ನನಗೆ ಗೊತ್ತಿಲ್ಲ. ಆಸ್ಪತ್ರೆ ಮುಂದಿನ ಮೊಬೈಲ್ ರಿಪೇರಿಯವನು ಹೇಳಿದ, 'ಅಮ್ಮ, ಇದು ಹಳೇ ಮಾಡಲ್ಲು, ಇದಕ್ಕೆ ಅಷ್ಟು ಬುದ್ಧಿ ಇಲ್ಲ. ನಿಜವಾದ ಮುಖದಷ್ಟೇ ದೊಡ್ಡ ಫೋಟೊ ತೋರ್ಸಿದ್ರೆ ಕೆಲವು ಸಲ ಮೋಸ ಹೋಗತ್ತೆ. ಐದು ಸಲ ಮಾತ್ರ ನೋಡತ್ತೆ. ಐದೂ ತಪ್ಪಾದ್ರೆ ನಂಬರೇ ಬೇಕು. ಆಫ್ ಆದ್ರೂ ಅಷ್ಟೆ, ನಂಬರೇ ಬೇಕು. ಆಫ್ ಆಗೋಕೆ ಬಿಡ್ಬೇಡಿ.' ಹಾಗಾಗಿ ಮೂರು ತಿಂಗಳಿಂದ ಅದು ಚಾರ್ಜರಿಗೆ ಅಂಟಿಕೊಂಡೇ ಇದೆ. ಕರೆಂಟು ಹೋದರೆ ಎಲ್ಲ ಬಿಟ್ಟು ಮನೆಗೆ ಓಡುತ್ತೇನೆ. ಓಡಿ ಮಾಡುವುದೇನೂ ಇಲ್ಲ, ಅದರ ಪಕ್ಕ ಕೂರುತ್ತೇನೆ.

ಗೆಳತಿಯರ ಫೋನಿನಲ್ಲೆಲ್ಲ ಹುಡುಕಿಸಿದೆ. ಫೋಟೊ ಬೇಕಾದಷ್ಟಿವೆ. ಕೈ ಅಡ್ಡ ಹಿಡಿದದ್ದು, ಕಣ್ಣು ಮುಚ್ಚಿದ್ದು, ಇಲ್ಲವಾದರೆ ನಾಯಿಯ ಕಿವಿ ಮೂತಿ ಅಂಟಿಸಿಕೊಂಡದ್ದು. ಒಂದರಲ್ಲೂ ನನ್ನ ಮಗಳಿಲ್ಲ. ಅದಕ್ಕೇ ನಿಮ್ಮ ಫೋಟೊ ಬೇಕಾಯಿತು. ಮೊದಲೇ ಹೇಳಿದ್ದರೆ ಹುಚ್ಚಿ ಅನ್ನುತ್ತಿದ್ದಿರಿ. ಅಂದುಕೊಳ್ಳಿ. ನಾನು ಎತ್ತದೆ ಹೋದ ಮೇಲೆ ಅವಳು ಏನಾದರೂ ಬರೆದು ಕಳಿಸದೆ ಬಿಟ್ಟಿದ್ದಾಳಾ, ಅಷ್ಟು ನೋಡಬೇಕು ನನಗೆ. 'ಅಮ್ಮಾ' ಅಂತ ಒಂದೇ ಪದ ಇದ್ದರೂ ಸಾಕು. ಬೈಗುಳ ಇದ್ದರೂ ಸಾಕು.

ಫೋಟೊ ಬಂದ ದಿನವೇ ತೋರಿಸಿದೆ. ಮೂರು ಸಲ ಆಯಿತು, ಮೂರು ಸಲವೂ ಫೋನು ಸಣ್ಣಗೆ ನಡುಗಿ ಸುಮ್ಮನಾಯಿತು. ಕಾಗದದ ಹೊಳಪು ಕಿಟಕಿಯ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಅದರದ್ದೇ ತೊಂದರೆ ಇರಬೇಕು. ಇನ್ನೊಂದು, ಅವಳ ಎಡ ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಮೂರು ವರ್ಷದವಳಿದ್ದಾಗ ನನ್ನ ಮೆಷಿನ್ ಪೆಡಲ್ ಮೇಲೆ ಬಿದ್ದು ಎರಡು ಹೊಲಿಗೆ ಹಾಕಿಸಿದ್ದೆ. ನಿಮ್ಮ ಫೋಟೊದಲ್ಲಿ ಅದು ಇಲ್ಲವೇ ಇಲ್ಲ. ಆಗ ಖುಷಿಪಟ್ಟಿದ್ದೆ, ಎಷ್ಟು ಚಂದ ಬಂದಿದೆ ಅಂತ. ಈಗ ಆ ಗುರುತು ಬೇಕು. ಹೊಳಪಿಲ್ಲದ ಕಾಗದದಲ್ಲಿ, ಗುರುತಿನ ಸಮೇತ ಇನ್ನೊಂದು ಮಾಡಿಕೊಡಿ. ಇನ್ನು ಎರಡು ಸಲ ಉಳಿದಿದೆ.

ನಿಮ್ಮ ತಂಗಿ

*

ಜುಲೈ 20

ತಂಗಿ,

ನಿಮ್ಮ ಪತ್ರ ನಾಲ್ಕು ಸಲ ಓದಿದೆ. ಗಂಡಿನ ಕಡೆಯವರು ಅಂತ ತಮಾಷೆ ಮಾಡಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ. ಸಮಾಧಾನ ಹೇಳುವಷ್ಟು ದೊಡ್ಡವನು ನಾನಲ್ಲ.

ಹೊಳಪಿಲ್ಲದ ಕಾಗದಕ್ಕಾಗಿ ಊರೆಲ್ಲ ಅಲೆದೆ. ಕೊನೆಗೆ ಹಳೆಯ ಗೆಳೆಯನೊಬ್ಬನ ಅಟ್ಟದ ಮೇಲೆ ಒಂದು ಪೊಟ್ಟಣ ಸಿಕ್ಕಿತು. ಗಾಯದ ಗುರುತು ನಾನೇ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಳಿಸಿದ್ದು, ಒಪ್ಪಿಕೊಳ್ಳುತ್ತೇನೆ. ಆಗ ಎಲ್ಲರಿಗೂ ಹಾಗೆ ಮಾಡುತ್ತಿದ್ದೆ, ಯಾರೂ ಬೇಡ ಅನ್ನುತ್ತಿರಲಿಲ್ಲ. ಪೆನ್ಸಿಲನ್ನು ಹತ್ತಿಯಲ್ಲಿ ಒರೆಸಿ ತೆಗೆದೆ. ಹುಬ್ಬಿನ ಮೇಲೆ ಎರಡು ಹೊಲಿಗೆ ಸ್ಪಷ್ಟವಾಗಿ ಬಂದಿವೆ.

ಇದು ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಆಗಲೇಬೇಕು. ನಡು ಮಧ್ಯಾಹ್ನ, ನೆರಳಿನಲ್ಲಿ, ಒಂದು ಮೊಳ ದೂರದಲ್ಲಿ ಹಿಡಿದು ತೋರಿಸಿ. ಕೈ ನಡುಗದಿರಲಿ.

ಅಣ್ಣ

*

ಜುಲೈ 29

ಅಣ್ಣಾ,

ನಾಲ್ಕನೆಯದೂ ಹೋಯಿತು. ನೀವು ಹೇಳಿದ ಹಾಗೆಯೇ ಮಾಡಿದೆ. ಕೈ ನಡುಗಬಾರದು ಅಂತ ಫೋಟೊವನ್ನು ಬಾಗಿಲಿಗೆ ಪಿನ್ ಹೊಡೆದು ನಿಲ್ಲಿಸಿದ್ದೆ.

ಇನ್ನು ಒಂದೇ ಸಲ. ಅದಕ್ಕೆ ಮೊದಲು ಒಂದು ಕೇಳಬೇಕು. ನಾನು ಬಟ್ಟೆಯ ಕೆಲಸದವಳು. ಎಲ್ಲಿ ಜೋಡಣೆ ಇದೆಯೋ ಅಲ್ಲಿ ನನ್ನ ಕಣ್ಣು ತಾನಾಗಿ ಹೋಗಿ ನಿಲ್ಲುತ್ತದೆ. ನಿಮ್ಮ ದೊಡ್ಡ ಫೋಟೊದಲ್ಲಿ ಎರಡೂ ಕಣ್ಣಿನ ಸುತ್ತ ಕೂದಲೆಳೆಯಷ್ಟು ಗೆರೆ ಇದೆ. ಚಿಕ್ಕದರಲ್ಲಿ ಕಾಣುತ್ತಿರಲಿಲ್ಲ. ಹೊಳೆಯುವ ಕಾಗದದಲ್ಲಿ ಇದೇನೋ ಮುದುರು ಅಂದುಕೊಂಡೆ. ಇದರಲ್ಲೂ ಅಲ್ಲೇ ಇದೆ.

ಹುಬ್ಬು ಬಿಟ್ಟು ಇನ್ನೇನಾದರೂ ತಿದ್ದಿದ್ದೀರಾ? ಅದೇನು ಗೆರೆ?

ತಂಗಿ

*

ಆಗಸ್ಟ್ 10 (ಪೋಸ್ಟ್‌ಕಾರ್ಡ್)

ಉತ್ತರ ಬರಲಿಲ್ಲ. ಫೋನಿನ ಬೆನ್ನು ಊದಿಕೊಂಡು ಮುಚ್ಚಳ ಬಾಯಿ ಬಿಟ್ಟಿದೆ. ರಿಪೇರಿಯವನು 'ಬ್ಯಾಟರಿ ಬಾತುಕೊಂಡಿದೆ, ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಬದಲಾಯಿಸಬೇಕಂದ್ರೆ ಆಫ್ ಮಾಡ್ಬೇಕು' ಅನ್ನುತ್ತಾನೆ. ಅದೇನು ಗೆರೆ ಅಂತ ಕೇಳಿದ್ದೆ. ಅಷ್ಟು ಹೇಳಿ.

*

ಆಗಸ್ಟ್ 19

ತಂಗಿ,

ನಿಮ್ಮ ಪೋಸ್ಟ್‌ಕಾರ್ಡ್ ಬಂದು ಐದು ದಿನ ಆಯಿತು. ಅದಕ್ಕೆ ಮುಂಚಿನ ಪತ್ರಕ್ಕೂ ಉತ್ತರ ಬರೆದಿದ್ದೆ. ಒಂದಲ್ಲ, ಐದಾರು ಬರೆದು ಒಲೆಗೆ ಹಾಕಿದೆ. ಎಲ್ಲದರಲ್ಲೂ ಸುಳ್ಳಿತ್ತು. ಕಾಗದ ಹಳೆಯದು, ಲೆನ್ಸ್ ಬೂಸ್ಟು ಹಿಡಿದಿದೆ, ಹೀಗೇ ಏನೇನೋ.

ಆ ಕಣ್ಣು ನಿಮ್ಮ ಮಗಳದ್ದಲ್ಲ.

ಎರಡು ಕ್ಲಿಕ್ಕಿನಲ್ಲೂ ಅವಳು ಕಣ್ಣು ಮುಚ್ಚಿದ್ದಳು. ಬೇರೆ ದಿನವಾಗಿದ್ದರೆ ಇನ್ನೊಮ್ಮೆ ಕೂರಿಸುತ್ತಿದ್ದೆ, ಅವತ್ತು ಫಿಲ್ಮ್ ಮುಗಿದಿತ್ತು. ಮುಚ್ಚಿದ ಕಣ್ಣಿನ ಫೋಟೊ ಕೊಡುವುದಿಲ್ಲ ಅಂತ ಶಪಥ ಮಾಡಿಕೊಂಡವನು ನಾನು. ಇಂಥದ್ದು ಬಂದಾಗ ಏನು ಮಾಡುತ್ತಿದ್ದೆ ಅಂತ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬ್ಲೇಡಿನ ತುದಿಯಿಂದ ನೆಗೆಟಿವ್ ಮೇಲಿನ ರೆಪ್ಪೆಯನ್ನು ಕೆರೆದು ತೆಗೆದು, ಬೇರೆ ಯಾರದ್ದಾದರೂ ನೆಗೆಟಿವಿನಿಂದ ಕಣ್ಣು ಕತ್ತರಿಸಿ ಅಲ್ಲಿ ಕೂರಿಸುತ್ತಿದ್ದೆ. ಬೆಂಕಿಪೆಟ್ಟಿಗೆ ಅಳತೆಯ ಫೋಟೊದಲ್ಲಿ ಯಾರ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ಮುಖದಷ್ಟು ದೊಡ್ಡದು ಮಾಡಿ ಅಂತ ಕೇಳಿದವರು ನೀವೊಬ್ಬರೇ.

ಅದೇ ವಾರ ನೀವು ಯಾವುದೋ ಅರ್ಜಿಗೆ ಅಂಟಿಸಲು ಫೋಟೊ ತೆಗೆಸಿಕೊಂಡು ಹೋಗಿದ್ದಿರಿ. ಅದೇ ಕುರ್ಚಿ, ಅದೇ ದೀಪ, ಅದೇ ದೂರ. ಕಣ್ಣಿನ ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ತಾಯಿಯದ್ದಲ್ಲವೇ, ತಪ್ಪೇನು ಅಂದುಕೊಂಡೆ. ಆ ಫೋಟೊದಲ್ಲಿ ಇರುವುದು ನಿಮ್ಮ ಕಣ್ಣು ತಂಗಿ. ಎಲ್ಲರೂ ಥೇಟ್ ಅಮ್ಮಂದು ಅನ್ನದೆ ಇನ್ನೇನು ಮಾಡುತ್ತಾರೆ.

ಜೂನ್ ತಿಂಗಳಲ್ಲಿ ಡಬ್ಬಿ ತೆರೆದ ದಿನವೇ ನನಗೆ ನೆನಪಾಗಿತ್ತು. ಆ ಎರಡು ಚೂರು ಬಿಟ್ಟುಕೊಂಡಿದ್ದವು, ನಾನೇ ಮತ್ತೆ ಗೋಂದು ಹಾಕಿದೆ. ಆಗ ನಿಮ್ಮ ವಿಷಯ ಗೊತ್ತಿರಲಿಲ್ಲ. ಜುಲೈನಲ್ಲಿ ಗೊತ್ತಿತ್ತು. ಗೊತ್ತಿದ್ದೂ ಹುಬ್ಬಿನ ಗಾಯದ ಹಿಂದೆ ಅಡಗಿಕೊಂಡೆ. ಹೇಗೋ ತೆರೆದುಬಿಟ್ಟರೆ ನನ್ನ ಮಾನ ಉಳಿಯುತ್ತದೆ ಅಂತ ಆಸೆಪಟ್ಟೆ. ನಿಮ್ಮ ನಾಲ್ಕನೆಯ ಸಲ ನನ್ನ ಮಾನಕ್ಕೆ ಖರ್ಚಾಯಿತು.

ಮೂಲ ನೆಗೆಟಿವಿನಲ್ಲಿ ಕಣ್ಣಿನ ಜಾಗದಲ್ಲಿ ಏನೂ ಇಲ್ಲ. ಕೆರೆದದ್ದು ಹೋಯಿತು. ಆ ಎರಡು ಚೂರು ತೆಗೆದು ಬೆಳಕಿಗೆ ಹಿಡಿದರೆ ಅಲ್ಲಿಂದ ಆಚೆ ಬದಿಯ ಕಿಟಕಿ ಕಾಣುತ್ತದೆ. ಎರಡನೆಯ ಕ್ಲಿಕ್ಕನ್ನು ಕೆಲಸಕ್ಕೆ ಬಾರದ್ದು ಅಂತ ಅವತ್ತೇ ಬಿಸಾಡಿದ್ದೆ.

ಹೇಳುವುದೇ ಆದರೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಶಾಲೆಯವರು ನನ್ನನ್ನು ಬಿಟ್ಟು ಎರಡು ವರ್ಷವಾಯಿತು. ಜೂನ್‌ನ ಫೋಟೊ ದಿನ ನಾನು ಎದುರಿನ ರಸ್ತೆಯಲ್ಲಿ, ನಿಮ್ಮ ಹಳೆಯ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದೆ. ಡ್ರಿಲ್ ಮೇಷ್ಟ್ರು ಸ್ಟೂಲ್ ಹತ್ತಿ ಮೊಬೈಲ್ ಹಿಡಿದರು. ಮಕ್ಕಳು ನಾಲಿಗೆ ಚಾಚಿದವು, ಒಬ್ಬರ ತಲೆಯ ಹಿಂದೆ ಒಬ್ಬರು ಕೊಂಬು ಇಟ್ಟವು. ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ದರಿದ್ರ ಫೋಟೊಗಳು ಅಂತ ಮನಸ್ಸಿನಲ್ಲೇ ಬೈದುಕೊಂಡು ಎದ್ದು ಬಂದೆ. ಆದರೆ ಅವುಗಳಲ್ಲಿ ಕಣ್ಣು ಮುಚ್ಚಿದ ಮಗು ಕಣ್ಣು ಮುಚ್ಚಿಯೇ ಇರುತ್ತದೆ. ಇಷ್ಟು ವರ್ಷಕ್ಕೆ ಅದು ಈಗ ತಲೆಗೆ ಹೋಯಿತು.

ಎಷ್ಟು ಬೇಕಾದರೂ ಬೈಯಿರಿ. ಬೈದು ಒಂದು ಸಾಲು ಬರೆಯಿರಿ.

ಫೋಟೊದವನು

*

ಆಗಸ್ಟ್ 30

ಫೋಟೊದವರಿಗೆ,

ನಿಮ್ಮ ಪತ್ರ ಓದಿ ಕನ್ನಡಿಯ ಮುಂದೆ ನಿಂತೆ. ಪಕ್ಕದಲ್ಲಿ ಫೋಟೊ ಇಟ್ಟುಕೊಂಡೆ. ಹೌದು, ನನ್ನವೇ. ಈ ನಾಲ್ಕು ತಿಂಗಳು ನಾನು ಆ ಬೆಂಕಿಪೆಟ್ಟಿಗೆ ಫೋಟೊದ ಮುಂದೆ ಕೂತು ಏನೇನು ಮಾತಾಡಿದ್ದೇನೆ, ಯಾವ ಯಾವುದಕ್ಕೆ ಕ್ಷಮೆ ಕೇಳಿದ್ದೇನೆ ಅಂತ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನನ್ನನ್ನು ನಾನೇ ಕೇಳಿಕೊಂಡದ್ದು, ನಾನೇ ಕ್ಷಮಿಸಿಕೊಂಡದ್ದು.

ಕೊನೆಯ ಸಲಕ್ಕೆ ನಿಮ್ಮ ಫೋಟೊ ತೋರಿಸಲಿಲ್ಲ. ಕಣ್ಣು ಹೇಗೂ ನನ್ನದು, ಮೂಗು ಅವಳಿಗೆ ನನ್ನಿಂದಲೇ ಬಂದದ್ದು. ಮುಖ ತೊಳೆದು, ಅವಳ ಹಾಗೆ ಕೂದಲನ್ನು ಒಂದು ಪಕ್ಕಕ್ಕೆ ಬಾಚಿ, ಅವಳ ಓಲೆ ಹಾಕಿಕೊಂಡು, ಗಾಯದ ಗುರುತನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಫೋನಿನ ಮುಂದೆ ನಿಂತೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಫೋನು ನನ್ನನ್ನು ನೋಡಿತು. ಸಣ್ಣಗೆ ನಡುಗಿತು. ಆಮೇಲೆ ನಾಲ್ಕು ಖಾಲಿ ಚೌಕ ಬಂದವು. ಅವಳು ಹುಟ್ಟಿದ ದಿನ ಹಾಕಿದೆ. ನಾನು ಹುಟ್ಟಿದ ದಿನ ಹಾಕಿದೆ. ಅಲ್ಲ, ಅಲ್ಲ. ಮಾರನೆಯ ದಿನ ಕೆಲಸದಿಂದ ಬರುವಷ್ಟರಲ್ಲಿ ಅದು ತಾನಾಗಿ ಆರಿಹೋಗಿತ್ತು. ಆವತ್ತು ಕರೆಂಟು ಇತ್ತು. ರಿಪೇರಿಯವನು ಒಳ್ಳೆಯವನು. 'ಬ್ಯಾಟರಿ ಹಾಕಿ, ಒಳಗಿರೋದೆಲ್ಲ ಅಳಿಸಿ, ಹೊಸದರ ಥರ ಮಾಡ್ಕೊಡ್ತೀನಮ್ಮ, ನೀವೇ ಇಟ್ಕೊಳ್ಳಿ' ಅಂದ. ಬೇಡಪ್ಪ ಅಂದೆ.

ನಿಮ್ಮನ್ನು ಬೈಯುವುದಿಲ್ಲ. ಬೈಯಬೇಕು ಅಂತ ಎರಡು ದಿನ ಮಾತು ಜೋಡಿಸಿಕೊಂಡೆ. ಮೂರು ಸಲ ಕರೆದದ್ದು ಕೇಳಿಸಿಕೊಳ್ಳದವಳು ನಿಮಗೇನು ಬೈಯಲಿ.

ಒಂದು ಕೇಳುತ್ತೇನೆ, ಹೇಳಿ. ಅವಳ ಭುಜ ಹದಿನಾಲ್ಕು, ತೋಳು ಇಪ್ಪತ್ತೊಂದೂವರೆ, ಸೊಂಟ ಇಪ್ಪತ್ತಾರು. ಎಲ್ಲ ಅಳತೆ ನೆನಪಿದೆ, ಈಗ ಹೇಳಿದರೂ ಕಣ್ಣು ಮುಚ್ಚಿ ಅಂಗಿ ಕತ್ತರಿಸುತ್ತೇನೆ. ಆದರೆ ಅವಳ ಕಣ್ಣು ನೆನೆಸಿಕೊಂಡರೆ ಫೋಟೊದ್ದೇ ಬರುತ್ತದೆ. ಎಷ್ಟು ತಳ್ಳಿದರೂ ಅದೇ ಬಂದು ಕೂರುತ್ತದೆ. ಹತ್ತೊಂಬತ್ತು ವರ್ಷ ಎದುರಿಗಿದ್ದ ಕಣ್ಣು. ನಾನು ತಲೆ ಬಗ್ಗಿಸಿ ಹೊಲಿಯುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದಳು, ನಾನು 'ಹೂಂ, ಹೂಂ' ಅನ್ನುತ್ತಿದ್ದೆ.

ನೀವು ಆ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಎತ್ತಿ, ಎದುರಿಗೆ ನಿಂತು ನೋಡಿದವರು. ನೋಡುವುದೇ ನಿಮ್ಮ ಕೆಲಸ. ಕ್ಲಿಕ್ಕಿಗೆ ಮುಂಚೆ ಬಿಟ್ಟೇ ಇದ್ದಿರಬೇಕಲ್ಲ. ಹೇಗಿತ್ತು ಅವಳ ಕಣ್ಣು? ನೆನಪಿದ್ದರೆ ಬರೆಯಿರಿ.

ಅವಳ ತಾಯಿ

*

ಸೆಪ್ಟೆಂಬರ್ 25

ತಂಗಿ,

ಈ ಪಾರ್ಸಲಿನಲ್ಲಿ ನಿಮ್ಮ ಕಪ್ಪು ಬಟ್ಟೆ ಇದೆ. ಒಗೆದು ಮಡಿಸಿದ್ದೇನೆ. ನಾಲ್ಕು ಮೀಟರ್ ಪೂರ್ತಿ ಇದೆ, ಒಂದು ಅಂಚಿಗೆ ಮೊಳೆಯ ತೂತುಗಳಿವೆ. ತಗಡಿನ ಡಬ್ಬಿಗಳನ್ನು ನಾನು ಇನ್ನು ತೆರೆಯುವುದಿಲ್ಲ. ಅದರೊಳಗೆ ಯಾರ ಕಣ್ಣು ಯಾರ ಮುಖದಲ್ಲಿದೆ ಅಂತ ನನಗೊಬ್ಬನಿಗೇ ಗೊತ್ತು, ನನಗೂ ಪೂರ್ತಿ ಗೊತ್ತಿಲ್ಲ.

ನಿಮ್ಮ ಪತ್ರ ಬಂದಾಗಿನಿಂದ ಆ ದಿನವನ್ನೇ ನೆನೆಸಿಕೊಳ್ಳುತ್ತಿದ್ದೇನೆ. ಖಾಲಿ ಕುರ್ಚಿಯನ್ನು ಅದೇ ಜಾಗದಲ್ಲಿಟ್ಟು, ದೀಪ ಹಾಕಿ, ಎದುರಿಗೆ ನಿಂತೂ ನೋಡಿದೆ. ಕೆಲವು ನೆನಪಿವೆ. ಅವಳ ಒಂದು ಜಡೆಯ ರಿಬ್ಬನ್ ಸಡಿಲವಾಗಿತ್ತು, ನಾನೇ ಬಿಗಿ ಮಾಡಿದೆ. ಬಲಗೈಯ ತೋರುಬೆರಳಿಗೆ ಇಂಕು ಅಂಟಿತ್ತು. ಅಂಗಿಯ ಎರಡನೆಯ ಗುಂಡಿಗೆ ನೀಲಿ ದಾರವಿತ್ತು, ಉಳಿದವಕ್ಕೆಲ್ಲ ಬಿಳಿ ದಾರ. 'ಏನಮ್ಮ, ಟೈಲರ್ ಮಗಳ ಗುಂಡಿ ಹೀಗಾ!' ಅಂದೆ. 'ಅಮ್ಮಂಗೆ ಪುರುಸೊತ್ತಿಲ್ಲ ಮಾಮ, ನಾನೇ ಹೊಲ್ಕೊಂಡಿದ್ದು' ಅಂದಳು. ಹಾಗೆ ಹೇಳುವಾಗ ನನ್ನ ಕಡೆ ನೋಡಿರಬೇಕು. ನೋಡಿಯೇ ಇರುತ್ತಾಳೆ. ನಾನು ಆಗ ಬೆಳಕು ಅಳೆಯುತ್ತಿದ್ದೆ.

ದೊಡ್ಡ ಕಣ್ಣು, ಕಂದು ಬಣ್ಣ, ನಗುವಾಗ ಅಂಚು ಕಿರಿದಾಗುತ್ತಿತ್ತು ಅಂತ ನಾಲ್ಕು ಸಾಲು ಬರೆದಿದ್ದೆ. ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ನೀವು ನಂಬುತ್ತಿದ್ದಿರಿ, ಅಷ್ಟರ ಮಟ್ಟಿಗೆ ನನ್ನ ಕೈಚಳಕ ಇನ್ನೂ ಇದೆ. ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ತಂದು ಹರಿದೆ. ಅವಳ ಮುಖಕ್ಕೆ ಒಂದು ಸಲ ಕಣ್ಣು ಕೂರಿಸಿದ್ದೇನೆ, ಇನ್ನೊಂದು ಸಲ ಬೇಡ.

ನನಗೆ ನೆನಪಿಲ್ಲ ತಂಗಿ.